ಎಲ್ಲರೂ ಬಂದು ಕೂತ ಮೇಲೆಯೇ ಮರುವಾಯಿ ಒಲೆಗೆ

ಶನಿವಾರ ಮಧ್ಯಾಹ್ನ ಮೂರೂವರೆಗೆ ಅಡುಗೆಮನೆಯ ದೀಪ ಆರಿಸಿ, ಕಿಟಕಿಯ ಪರದೆ ಎಳೆದು, ಒಂದು ಅಗಲ ಬೋಗುಣಿಯ ಮುಂದೆ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ಬೋಗುಣಿಯಲ್ಲಿ ಉಪ್ಪುನೀರು, ಅದರೊಳಗೆ ಮರುವಾಯಿ, ಅಂದರೆ ಎರಡು ಚಿಪ್ಪಿನ ನಡುವೆ ಬದುಕುವ ಪುಟ್ಟ ಜಲಜೀವಿ. ಮೊದಲ ಹತ್ತು ನಿಮಿಷ ಏನೂ ಇಲ್ಲ. ಸುಮ್ನೆ ಕಲ್ಲಿನ ರಾಶಿ. ಆಮೇಲೆ ಅಂಚಿನಲ್ಲಿದ್ದ ಒಂದು ಚಿಪ್ಪು ಕೂದಲೆಳೆಯಷ್ಟು ಬಾಯಿ ಬಿಟ್ಟಿತು. ಆ ಸಂದಿಯಿಂದ ಎರಡು ಪುಟ್ಟ ಕೊಳವೆಗಳು ಹೊರಗೆ ಇಣುಕಿದವು. ಒಂದರಿಂದ ನೀರು ಒಳಗೆ, ಇನ್ನೊಂದರಿಂದ ಹೊರಗೆ. ಸ್ವಲ್ಪ ಹೊತ್ತಿಗೆ ಪಕ್ಕದ್ದು, ಅದರ ಪಕ್ಕದ್ದು. ನಾನು ಸ್ವಲ್ಪ ಬಗ್ಗಿದೆ. ಒಂದು ಚಿಟಕ್ ಅಂತ ನೀರು ಹಾರಿಸಿತು, ನೇರ ನನ್ನ ಮೊಣಕೈಗೆ.

ಸಂಜೆ ಏಳೂವರೆಗೆ ಗೆಳೆಯರು ಊಟಕ್ಕೆ ಬರುವವರಿದ್ದರು. ನಾನು ಸೇರಿ ದೊಡ್ಡವರು ಆರು ಜನ, ಜೊತೆಗೆ ಒಂಬತ್ತು ವರ್ಷದ ಒಂದು ಹುಡುಗಿ. ಮೂರು ಕಿಲೋ ತಂದಿದ್ದೆ. ಮೂರು ಕಿಲೋ ಅಂದರೆ ಜಾಸ್ತಿ ಅನಿಸಬಹುದು. ಆದರೆ ಮರುವಾಯಿಯಲ್ಲಿ ತೂಕವೆಲ್ಲ ಚಿಪ್ಪಿನದ್ದೇ. ಒಂದು ಕಿಲೋ ಬೇಯಿಸಿ ಬಿಡಿಸಿದರೆ ಒಳಗಿನ ಮಾಂಸ ಎರಡು ಹಿಡಿ ಆದರೆ ಹೆಚ್ಚು. ಗೆಳೆಯರನ್ನು ಕರೆದು ಎಣಿಸಿ ಬಡಿಸುವ ಪರಿಸ್ಥಿತಿ ಬರಬಾರದು. ಅದಕ್ಕೆ ತಲೆಗೆ ಅರ್ಧ ಕಿಲೋ ಅನ್ನುವುದು ನನ್ನ ಲೆಕ್ಕ.

ಈ ಅಡುಗೆಯನ್ನು ಸುಮಾರು ಹನ್ನೆರಡು ವರ್ಷದಿಂದ ಮಾಡುತ್ತಿದ್ದೇನೆ. ಮೊದಲ ಎರಡು ಸಲ ಕೆಡಿಸಿದ್ದೇನೆ. ಆ ಎರಡು ಸಲದಲ್ಲಿ ಕಲಿತಿದ್ದೇ ಈಗ ನನ್ನ ಕೈಯಲ್ಲಿ ಇರೋದು.

ಮೊದಲ ಸಲ ಮರಳು. ತಂದ ಮರುವಾಯಿಯನ್ನು ನಲ್ಲಿ ಕೆಳಗೆ ಹಿಡಿದು ಮೂರು ಸಲ ತೊಳೆದೆ, ಚಿಪ್ಪು ಫಳಫಳ ಅನ್ನುವಷ್ಟು. ಅಷ್ಟು ಸಾಕು ಅಂದುಕೊಂಡೆ. ಮಸಾಲೆ ಚೆನ್ನಾಗಿ ಬಂದಿತ್ತು, ಮನೆಯೆಲ್ಲ ಘಮ. ನಾಲ್ಕು ಜನ ಊಟಕ್ಕೆ ಕೂತರು. ಮೊದಲ ತುತ್ತಿಗೇ ಹಲ್ಲಿನಡಿ ಕರಕರ. ಯಾರೂ ಏನೂ ಹೇಳಲಿಲ್ಲ. ನನ್ನ ಹಳೆಯ ಗೆಳತಿಯೊಬ್ಬಳು ಮಾತಾಡುತ್ತಲೇ ಒಂದೊಂದು ಚಿಪ್ಪನ್ನು ತಟ್ಟೆಯ ಅಂಚಿಗೆ ಸರಿಸುತ್ತಿದ್ದಳು, ನನಗೆ ಕಾಣದ ಹಾಗೆ ಅನ್ನದ ಮರೆಗೆ. ನನಗೆ ಕಂಡಿತು. ಆ ರಾತ್ರಿ ಪಾತ್ರೆ ತೊಳೆಯುವಾಗ ತಳದಲ್ಲಿ ಬೂದು ಬಣ್ಣದ ಮರಳು ಉಂಗುರದ ಹಾಗೆ ಕೂತಿತ್ತು. ಅದನ್ನು ಬೆರಳಲ್ಲಿ ಒರೆಸಿದ ನೆನಪು ಇನ್ನೂ ಇದೆ.

ಮರಳು ಇರುವುದು ಚಿಪ್ಪಿನ ಮೇಲಲ್ಲ, ಒಳಗೆ. ಮರುವಾಯಿ ಮರಳಿನಲ್ಲೋ ಕೆಸರಿನಲ್ಲೋ ಹೂತುಕೊಂಡು ಬದುಕುವ ಜೀವಿ. ನೀರು ಎಳೆದುಕೊಂಡು, ಅದರಲ್ಲಿರುವ ಸಣ್ಣ ಸಣ್ಣ ಆಹಾರವನ್ನು ಸೋಸಿ ತಿನ್ನುತ್ತದೆ. ಅದರ ಜೊತೆ ಮರಳೂ ಒಳಗೆ ಹೋಗುತ್ತದೆ. ಆ ಮರಳನ್ನು ನಾವು ತೆಗೆಯೋಕೆ ಆಗಲ್ಲ. ಅದೇ ಉಗುಳಬೇಕು. ಉಗುಳಬೇಕಾದರೆ ಅದಕ್ಕೆ ತನ್ನ ಜಾಗದಲ್ಲೇ ಇದ್ದೇನೆ ಅನ್ನಿಸಬೇಕು. ಬರೀ ಸಿಹಿನೀರಿಗೆ ಹಾಕಿದರೆ ಬಾಯಿ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಸತ್ತೇ ಹೋಗುತ್ತದೆ.

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ನಾನು ತಕ್ಕಡಿಯಲ್ಲಿ ತೂಗಿ ಲೀಟರಿಗೆ 30 ಗ್ರಾಂ ಹಾಕುತ್ತೇನೆ. ನದಿ ಸಮುದ್ರಕ್ಕೆ ಸೇರುವ ಕಡೆ ಹೆಕ್ಕಿದ್ದು ಅಂತ ಗೊತ್ತಾದರೆ ಇನ್ನೂ ಕಡಿಮೆ, ಯಾಕೆಂದರೆ ಅಲ್ಲಿನ ನೀರೇ ಅಷ್ಟು ಉಪ್ಪಲ್ಲ. ಒಂದು ಅಂದಾಜಿಗೆ ಹಾಕಿ ನೋಡಿ. ಅರ್ಧ ಗಂಟೆಯಾದರೂ ಒಂದೂ ಕೊಳವೆ ಹೊರಗೆ ಬರಲಿಲ್ಲ ಅಂದರೆ ಸ್ವಲ್ಪ ಸಿಹಿನೀರು ಸೇರಿಸಿ, ಮತ್ತೆ ಕಾಯಿರಿ. ನೀರು ಚಿಪ್ಪು ಮುಳುಗುವಷ್ಟಿದ್ದರೆ ಸಾಕು. ಬೋಗುಣಿ ತುಂಬ ಸುರಿದು ಮೇಲೆ ಮುಚ್ಚಳ ಬಿಗಿದರೆ ಅವಕ್ಕೆ ಉಸಿರಿಗೆ ಗಾಳಿ ಸಾಲುವುದಿಲ್ಲ. ತಂಪಾದ ಜಾಗ ಬೇಕು, ಕತ್ತಲೆ ಇದ್ದರೆ ಇನ್ನೂ ಒಳ್ಳೆಯದು. ಕತ್ತಲೆಯಲ್ಲಿ ಬೇಗ ಬಾಯಿ ಬಿಡುತ್ತವೆ ಅನ್ನುವುದು ನಾನು ನೋಡಿ ಕಂಡುಕೊಂಡಿದ್ದು. ಅದಕ್ಕೇ ಪರದೆ ಎಳೆದು ಕೂತಿದ್ದು.

ಇನ್ನೆರಡು ಸಣ್ಣ ವಿಷಯ, ಆದರೆ ನನ್ನ ಮಟ್ಟಿಗೆ ಇವೇ ದೊಡ್ಡವು. ಬೋಗುಣಿಯ ಒಳಗೆ ಮೊದಲು ಒಂದು ತೂತಿನ ತಟ್ಟೆ ಇಟ್ಟು, ಅದರ ಮೇಲೆ ಮರುವಾಯಿ ಹರಡಬೇಕು. ಉಗುಳಿದ ಮರಳು ತೂತಿನಿಂದ ಕೆಳಗೆ ಇಳಿಯುತ್ತದೆ, ಮತ್ತೆ ಅದನ್ನೇ ಎಳೆದುಕೊಳ್ಳಲು ಆಗುವುದಿಲ್ಲ. ಎರಡನೆಯದು, ಕೊನೆಗೆ ಬೋಗುಣಿಯನ್ನು ಬಗ್ಗಿಸಿ ಜರಡಿಗೆ ಸುರಿಯಬಾರದು. ಸುರಿದರೆ ತಳದ ಮರಳೆಲ್ಲ ಮತ್ತೆ ಅವುಗಳ ತಲೆ ಮೇಲೇ. ಕೈಯಲ್ಲಿ ಹಿಡಿ ಹಿಡಿಯಾಗಿ ಮೇಲಕ್ಕೆ ಎತ್ತಬೇಕು. ಮೊದಲ ಸಲ ಹೀಗೆ ಮಾಡಿದಾಗ ತಳದಲ್ಲಿ ಉಳಿದ ಮರಳು ನೋಡಿ ಗಾಬರಿಯಾಯಿತು. ಇಷ್ಟನ್ನೂ ನಾವು ತಿನ್ನುತ್ತಿದ್ದೆವಾ!

ಎತ್ತುವಾಗಲೇ ಒಂದೊಂದನ್ನೂ ನೋಡಿಬಿಡುತ್ತೇನೆ. ಬಾಯಿ ಮುಚ್ಚಿದ್ದು ಸರಿ. ತೆರೆದಿದ್ದರೆ ಬೆರಳಲ್ಲಿ ತಟ್ಟುತ್ತೇನೆ. ನಿಧಾನವಾಗಿಯಾದರೂ ಮುಚ್ಚಿಕೊಂಡರೆ ಜೀವ ಇದೆ ಅಂತ. ತಟ್ಟಿದರೂ ಹಾಗೇ ಬಾಯಿ ತೆರೆದುಕೊಂಡಿದ್ದರೆ ತೆಗೆದು ಪಕ್ಕಕ್ಕೆ. ಚಿಪ್ಪು ಒಡೆದಿದ್ದರೂ ಅಷ್ಟೇ. ಈ ಪರೀಕ್ಷೆ ಯಾಕೆ ಅಂತ ಬಹಳ ದಿನ ನನಗೆ ಗೊತ್ತಿರಲಿಲ್ಲ, ಹೇಳಿಕೊಟ್ಟಿದ್ದಕ್ಕೆ ಮಾಡುತ್ತಿದ್ದೆ. ಆಮೇಲೆ ಓದಿ ತಿಳಿದುಕೊಂಡೆ. ಎರಡು ಚಿಪ್ಪು ಸೇರುವ ಕೀಲಿನ ಹತ್ತಿರ ರಬ್ಬರಿನಂಥ ಒಂದು ಪಟ್ಟಿ ಇರುತ್ತದೆ. ಅದು ಯಾವಾಗಲೂ ಚಿಪ್ಪನ್ನು ತೆರೆಯಲು ನೋಡುತ್ತಿರುತ್ತದೆ. ಒಳಗಿನ ಎರಡು ಸ್ನಾಯುಗಳು ಅದರ ವಿರುದ್ಧ ಎಳೆದು ಮುಚ್ಚಿ ಹಿಡಿದಿರುತ್ತವೆ. ಅಂದರೆ ಮರುವಾಯಿಗೆ ಬಾಯಿ ತೆರೆಯೋಕೆ ಶ್ರಮ ಇಲ್ಲ, ಮುಚ್ಚಿಕೊಂಡಿರೋದಕ್ಕೇ ಶ್ರಮ. ಜೀವ ಹೋದರೆ ಹಿಡಿತ ಸಡಿಲ, ಚಿಪ್ಪು ತಾನಾಗಿ ತೆರೆಯುತ್ತದೆ. ಬಿಸಿಗೆ ತೆರೆಯುವುದೂ ಇದೇ ಕಾರಣಕ್ಕೆ. ಇದು ತಿಳಿದ ಮೇಲೆ, ಬಿಗಿಯಾಗಿ ಮುಚ್ಚಿಕೊಂಡ ಒಂದು ಮರುವಾಯಿಯನ್ನು ಅಂಗೈಯಲ್ಲಿ ಇಟ್ಟುಕೊಂಡಾಗ ಒಂಥರಾ ಗೌರವ ಬರುತ್ತದೆ. ಇಷ್ಟು ಪುಟ್ಟ ಜೀವ ಇಡೀ ದಿನ ಬಾಗಿಲು ಹಿಡಿದುಕೊಂಡು ನಿಂತಿದೆ. ಇದನ್ನು ತಂದು ಹಾಳು ಮಾಡಬಾರದು, ಅಲ್ವಾ?

ಎರಡನೇ ಸಲ ನಾನು ಮಾಡಿದ ತಪ್ಪು ಅದೇ, ಹಾಳು ಮಾಡಿದೆ. ಆ ಸಲ ಮರಳಿರಲಿಲ್ಲ. ಆದರೆ ಜನ ಬರುವ ಹೊತ್ತಿಗೆ ಎಲ್ಲ ತಯಾರಿರಲಿ ಅಂತ ಸಂಜೆ ಐದಕ್ಕೇ ಸಾರು ಮಾಡಿ ಮುಗಿಸಿದ್ದೆ. ಸ್ನಾನ ಮಾಡಿ, ಮನೆ ಒರೆಸಿ, ನೆಮ್ಮದಿಯಾಗಿ ಕೂತಿದ್ದೆ. ಎಂಟಕ್ಕೆ ಬಂದರು. ಮತ್ತೆ ಕುದಿಸಿ ಬಡಿಸಿದೆ. ಒಂದು ಚೂರು ಬಾಯಿಗೆ ಹಾಕಿದರೆ ಎರೇಸರ್ ಅಗಿದ ಹಾಗೆ. ಐದಕ್ಕೆ ಮೆತ್ತಗೆ, ತುಂಬಿಕೊಂಡು ಇದ್ದ ಮಾಂಸ ಎಂಟಕ್ಕೆ ಮುದುಡಿ ಗುಂಡಿಯಷ್ಟಾಗಿತ್ತು. ಅದರ ರಸವೆಲ್ಲ ಹೊರಗೆ ಹೋಗಿತ್ತು.

ಕುರಿ, ಕೋಳಿಯ ಸಾರು ಕಾದಷ್ಟೂ ರುಚಿ ಕಟ್ಟುತ್ತದೆ. ಬೆಳಿಗ್ಗೆ ಮಾಡಿದ್ದು ರಾತ್ರಿಗೆ ಇನ್ನೂ ಚೆನ್ನ. ಚಿಪ್ಪಿನ ಸಾರು ಹಾಗಲ್ಲ. ಅದಕ್ಕೆ ಕಾಯುವ ಗುಣ ಇಲ್ಲ. ನಾವೇ ಅದಕ್ಕೆ ಕಾಯಬೇಕು. ಅವತ್ತಿನಿಂದ ನನ್ನ ಮನೆಯ ನಿಯಮ ಒಂದೇ: ಮಸಾಲೆ ಮೊದಲೇ, ಮರುವಾಯಿ ಕೊನೆಗೆ. ಎಲ್ಲರೂ ಬಂದು, ಕೈ ತೊಳೆದು, ಕೂತ ಮೇಲೆಯೇ ಒಲೆಗೆ.

ಹಾಗಾಗಿ ನಿಜವಾದ ಅಡುಗೆ ಮಧ್ಯಾಹ್ನದ್ದು. ಮೂರು ಕಿಲೋಗೆ ಒಂದೂವರೆ ತೆಂಗಿನಕಾಯಿ ತುರಿದೆ. ಅದರಲ್ಲಿ ಮುಕ್ಕಾಲು ಪಾಲನ್ನು ಸಣ್ಣ ಉರಿಯಲ್ಲಿ ಹುರಿದೆ, ಬಣ್ಣ ಒಣಹುಲ್ಲಿನಷ್ಟು ತಿರುಗುವವರೆಗೆ. ಕಂದು ಆಗುವವರೆಗೂ ಬಿಟ್ಟರೆ ಮರುವಾಯಿಯ ಸಿಹಿ ಮುಚ್ಚಿಹೋಗುತ್ತದೆ. ಉಳಿದ ಕಾಲು ಪಾಲು ಹಸಿಯಾಗಿಯೇ ಇರಲಿ. ಒಣಮೆಣಸು ಹದಿನಾಲ್ಕು, ಎರಡು ಹನಿ ಎಣ್ಣೆಯಲ್ಲಿ ಗರಿಗರಿ. ಕೊತ್ತಂಬರಿ ಬೀಜ ಮೂರು ದೊಡ್ಡ ಚಮಚ, ಜೀರಿಗೆ ಒಂದು ಸಣ್ಣ ಚಮಚ, ಕಾಳುಮೆಣಸು ಅರ್ಧ, ಮೆಂತ್ಯ ಒಂದು ಚಿಟಿಕೆ. ಎಲ್ಲ ಬೇರೆ ಬೇರೆ ಹುರಿಯುತ್ತೇನೆ. ಒಟ್ಟಿಗೆ ಹಾಕಿದರೆ ಜೀರಿಗೆ ಸೀದಿರುತ್ತದೆ, ಕೊತ್ತಂಬರಿ ಇನ್ನೂ ಹಸಿ ಇರುತ್ತದೆ. ಕೊತ್ತಂಬರಿ ಆಯಿತು ಅಂತ ಗೊತ್ತಾಗೋದು ಮೂಗಿಗೆ. ಹಸಿ ವಾಸನೆ ಹೋಗಿ ಒಂದು ಬೆಚ್ಚಗಿನ ಘಮ ಬರುತ್ತದೆ, ಅಷ್ಟಕ್ಕೆ ಇಳಿಸಬೇಕು.

ಬೆಳ್ಳುಳ್ಳಿ ಹತ್ತು ಎಸಳು, ಒಂದು ಈರುಳ್ಳಿ, ಅರಿಶಿನ, ಸಣ್ಣ ನಿಂಬೆ ಗಾತ್ರದ ಹುಣಸೆ. ಇವೆಲ್ಲ ಸೇರಿಸಿ ಮಿಕ್ಸಿಯಲ್ಲಿ ನುಣ್ಣಗೆ ಅರೆದೆ. ನುಣ್ಣಗೆ ಅಂದರೆ ಬೆರಳ ನಡುವೆ ಉಜ್ಜಿದರೆ ಏನೂ ತಾಗಬಾರದು. ಮರಳಿಗೆ ಇಷ್ಟು ಹೆದರಿ, ಆಮೇಲೆ ತರಿ ತರಿ ಮಸಾಲೆ ಹಾಕಿದರೆ ತಿನ್ನುವವರಿಗೆ ಅದೂ ಮರಳೇ ಅನಿಸುತ್ತದೆ. ದೊಡ್ಡ ಪಾತ್ರೆಯಲ್ಲಿ ತೆಂಗಿನೆಣ್ಣೆ, ಹೆಚ್ಚಿದ ಈರುಳ್ಳಿ, ಕರಿಬೇವು. ಈರುಳ್ಳಿ ಕೆಂಪಾಗುತ್ತಿದ್ದ ಹಾಗೆ ಅರೆದ ಮಸಾಲೆ. ನೀರು ಸ್ವಲ್ಪವೇ. ಇಪ್ಪತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿದರೆ ಅಂಚಿನಲ್ಲಿ ಎಣ್ಣೆಯ ಚುಕ್ಕೆಗಳು ಬಿಡುತ್ತವೆ. ಅಲ್ಲಿಗೆ ಮಸಾಲೆ ತಯಾರು. ಒಲೆ ಆರಿಸಿ ಮುಚ್ಚಿಟ್ಟೆ.

ಉಪ್ಪು ಹಾಕಲಿಲ್ಲ. ಇದು ಮರೆತಿದ್ದಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಡುವೆ ಫೋನ್ ಬಂತು. ನಮ್ಮ ಗುಂಪಿನ ಏಳನೆಯವಳು. ಅವಳನ್ನು ಈ ಶನಿವಾರ ಕರೆದಿರಲಿಲ್ಲ, ಮುಂದಿನ ಶನಿವಾರ ಕರೆದಿದ್ದೆ. ಇದು ನಾವಿಬ್ಬರೂ ಮಾತಾಡಿಕೊಂಡೇ ಮಾಡಿರುವ ಏರ್ಪಾಡು. ಅವಳಿಗೆ ಸಿಗಡಿ ಆಗುವುದಿಲ್ಲ. ಆಗುವುದಿಲ್ಲ ಅಂದರೆ ಇಷ್ಟವಿಲ್ಲ ಅಂತಲ್ಲ. ಕೆಲವು ವರ್ಷದ ಹಿಂದೆ ಒಂದು ಊಟದಲ್ಲಿ ಗೊತ್ತಿಲ್ಲದೆ ಸಿಗಡಿ ಬಿದ್ದ ಸಾರು ತಿಂದು, ಹತ್ತು ನಿಮಿಷದಲ್ಲಿ ತುಟಿ ಊದಿ, ಗಂಟಲು ಕಟ್ಟಿ, ಆಸ್ಪತ್ರೆಗೆ ಓಡಿದ್ದೆವು. ಕಾರಿನಲ್ಲಿ ಅವಳ ಪಕ್ಕ ಕೂತಿದ್ದು ನಾನು. ಉಸಿರು ಎಳೆಯುವ ಆ ಸದ್ದು ಕೇಳಿದವರು ಯಾರೂ ಅಲರ್ಜಿಯನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಸಿಗಡಿ, ಏಡಿಯಲ್ಲಿ ಈ ಅಲರ್ಜಿಗೆ ಮುಖ್ಯ ಕಾರಣ ಟ್ರೋಪೋಮಯೋಸಿನ್ ಅನ್ನುವ ಪ್ರೋಟೀನ್. ಅದೇ ಥರದ ಪ್ರೋಟೀನ್ ಮರುವಾಯಿಯಂಥ ಚಿಪ್ಪುಜೀವಿಗಳಲ್ಲೂ ಇದೆ. ಸಿಗಡಿ ಆಗದವರಲ್ಲಿ ಕೆಲವರಿಗೆ ಮರುವಾಯಿ ಏನೂ ಮಾಡುವುದಿಲ್ಲ, ಕೆಲವರಿಗೆ ಅದೂ ಆಗುವುದಿಲ್ಲ. ಚೆನ್ನಾಗಿ ಬೇಯಿಸಿದರೆ ಹೋಗುತ್ತದೆ ಅನ್ನುವುದು ತಪ್ಪು, ಆ ಪ್ರೋಟೀನ್ ಬಿಸಿಗೆ ಜಗ್ಗುವುದಿಲ್ಲ. ಬೇಯುವಾಗ ಏಳುವ ಹಬೆಯೇ ಕೆಲವರಿಗೆ ಸಾಕಾಗುತ್ತದೆ. ಅದಕ್ಕೆ ಒಂದೇ ಮನೆಯಲ್ಲಿ ಅವಳಿಗೆ ಬೇರೆ ಪಾತ್ರೆ, ಬೇರೆ ಸೌಟು ಅಂತ ಮಾಡುವ ಯೋಚನೆಯನ್ನೇ ಬಿಟ್ಟೆ. ಅವಳು ಬರುವ ದಿನ ಚಿಪ್ಪು ಮನೆಯೊಳಗೇ ಇಲ್ಲ.

"ಇವತ್ತು ಎಷ್ಟು ಕಿಲೋ ಕಣೇ?" ಅಂದಳು.

"ಮೂರು."

"ಪಾತ್ರೆ ಎಲ್ಲ ಸರಿ ತೊಳೀತೀಯ ತಾನೇ?"

"ಎರಡು ಸಲ. ಒಲೆ ಕಟ್ಟೆನೂ ಒರೆಸ್ತೀನಿ. ನಿನ್ನ ವಾರ ಏನು ಬೇಕು ಹೇಳು."

ಅವಳು ಒಂದು ಪಟ್ಟಿಯನ್ನೇ ಹೇಳಿದಳು, ನಾನು ಬರೆದುಕೊಂಡೆ. ಮೊದಲ ಸಲ ಮನೆಗೆ ಬರುವವರನ್ನು ನಾನು ಈಗ ನೇರವಾಗಿ ಕೇಳಿಬಿಡುತ್ತೇನೆ: "ಸಿಗಡಿ, ಏಡಿ, ಚಿಪ್ಪು ಯಾವುದಾದರೂ ಆಗಲ್ವಾ?" ತಿಂತೀರಾ ಅಂತ ಕೇಳಿದರೆ ಸಂಕೋಚಕ್ಕೆ ಹೂಂ ಅನ್ನುವವರಿದ್ದಾರೆ. ಆಗಲ್ವಾ ಅಂತ ಕೇಳಿದರೆ ನಿಜ ಹೇಳುತ್ತಾರೆ. ಈ ಒಂದು ಮಾತು ಅಡುಗೆಯಲ್ಲಿ ಉಪ್ಪಿಗಿಂತ ಮುಖ್ಯ.

ಅಪಾಯದ ಮಾತು ಬಂದಿದ್ದರಿಂದ ಇನ್ನೊಂದನ್ನೂ ಹೇಳಲೇಬೇಕು. ಮರುವಾಯಿ ನೀರು ಸೋಸಿ ಬದುಕುವುದರಿಂದ, ಆ ನೀರಿನಲ್ಲಿ ಏನಿದೆಯೋ ಅದು ಅದರ ಮೈಯಲ್ಲೂ ಇರುತ್ತದೆ. ಚರಂಡಿ ನೀರು ಸೇರಿದರೆ ರೋಗಾಣು. ಕೆಲವು ಜಾತಿಯ ಪಾಚಿ ವಿಪರೀತ ಬೆಳೆದರೆ ಅದರ ವಿಷ. ರೋಗಾಣು ಬೇಯಿಸಿದರೆ ಸಾಯುತ್ತದೆ, ಆದರೆ ಆ ವಿಷ ಎಷ್ಟು ಕುದಿಸಿದರೂ ಹೋಗುವುದಿಲ್ಲ. ವಾಸನೆಯಲ್ಲೂ ರುಚಿಯಲ್ಲೂ ಗೊತ್ತಾಗುವುದಿಲ್ಲ. 1987ರಲ್ಲಿ ಕೆನಡಾದಲ್ಲಿ ಪ್ರಿನ್ಸ್ ಎಡ್ವರ್ಡ್ ದ್ವೀಪದ ಕಡೆಯ ಚಿಪ್ಪು ತಿಂದು ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಕೆಲವರು ತೀರಿಕೊಂಡರು. ಬದುಕಿದವರಲ್ಲಿ ಕೆಲವರಿಗೆ ನೆನಪಿನ ಶಕ್ತಿಯೇ ಕುಂದಿತು. ಡೋಮೋಯಿಕ್ ಆಮ್ಲ ಅನ್ನುವ ಪಾಚಿಯ ವಿಷ ಅದು. ಅದಾದ ಮೇಲೆ ಚಿಪ್ಪಿನಲ್ಲಿ ಆ ವಿಷಕ್ಕೂ ಪರೀಕ್ಷೆ ಶುರುವಾಯಿತು. ಇದನ್ನು ಹೆದರಿಸೋಕೆ ಹೇಳುತ್ತಿಲ್ಲ. ಎಲ್ಲಿಂದ ಹೆಕ್ಕಿದ್ದು ಅಂತ ಮಾರುವವರನ್ನು ಕೇಳಿ, ಉತ್ತರ ಸರಿ ಬರದಿದ್ದರೆ ಖಾಲಿ ಕೈಯಲ್ಲಿ ವಾಪಸ್ ಬರುವುದು ನನ್ನ ಅಭ್ಯಾಸ. ಅಂಥ ದಿನ ಬೇರೆ ಏನಾದರೂ ಮಾಡಿದರಾಯಿತು.

ಏಳೂವರೆ ಅಂದವರು ಏಳೂ ಮುಕ್ಕಾಲಿಗೆ ಬಂದರು. ಹುಡುಗಿ ಚಪ್ಪಲಿ ಬಿಟ್ಟವಳೇ ನೇರ ಅಡುಗೆಮನೆಗೆ. ಜರಡಿಯಲ್ಲಿ ಗುಡ್ಡೆಯಾಗಿದ್ದ ಮರುವಾಯಿ ನೋಡಿ, "ಆಂಟಿ, ಇದು ಜೀವ ಇದೆಯಾ?" ಅಂದಳು. ಇದೆ ಅಂದೆ. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಅವಳು ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಚಿಪ್ಪಿನ ಮೇಲೆ ಒಂದರ ಹಿಂದೊಂದು ಬಳೆ ಬಳೆಯಂಥ ಗೆರೆಗಳು. "ಇದು ಯಾಕೆ ಹೀಗೆ?"

ಮರದ ಕಾಂಡದಲ್ಲಿ ಉಂಗುರ ಇರುತ್ತದಲ್ಲ, ಹಾಗೆ ಇದು ಬೆಳೆದ ಗುರುತು ಅಂದೆ. ಎಲ್ಲ ಗೆರೆಯೂ ವರ್ಷಕ್ಕೊಂದು ಅಂತ ಲೆಕ್ಕ ಹಿಡಿಯೋಕೆ ಆಗಲ್ಲ, ಆದರೆ ಕೆಲವು ಜಾತಿಯಲ್ಲಿ ಚಿಪ್ಪನ್ನು ಕತ್ತರಿಸಿ ಒಳಗಿನ ಗೆರೆ ಎಣಿಸಿ ವಯಸ್ಸು ಹೇಳುತ್ತಾರೆ. ಐಸ್‌ಲ್ಯಾಂಡ್ ಹತ್ತಿರದ ಸಮುದ್ರದಲ್ಲಿ 2006ರಲ್ಲಿ ಸಿಕ್ಕಿದ ಒಂದು ಚಿಪ್ಪುಜೀವಿಗೆ ಹಾಗೆ ಎಣಿಸಿದಾಗ 507 ವರ್ಷ. ಮೊದಲು ಎಣಿಸಿದವರು ನಾನೂರು ಚಿಲ್ಲರೆ ಅಂದಿದ್ದರು. ಗೆರೆಗಳು ಒಂದಕ್ಕೊಂದು ಅಂಟಿಕೊಂಡಿದ್ದರಿಂದ ಲೆಕ್ಕ ತಪ್ಪಿತ್ತು. ಮತ್ತೆ ಎಣಿಸಿ 2013ರಲ್ಲಿ ಸರಿಪಡಿಸಿದರು. ಚೀನಾದ ರಾಜವಂಶದ ಹೆಸರಲ್ಲಿ ಅದನ್ನು ಮಿಂಗ್ ಅಂತ ಕರೆದರು.

"ಐನೂರ ಏಳಾ? ಈಗ ಎಲ್ಲಿದೆ?"

"ಹಿಡಿದಾಗ ಅದರ ವಯಸ್ಸು ಯಾರಿಗೂ ಗೊತ್ತಿರಲಿಲ್ಲ ಪುಟ್ಟಿ. ಸತ್ತುಹೋಯ್ತು."

ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕೈಯಲ್ಲಿದ್ದುದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಅದನ್ನು ಮೆಲ್ಲಗೆ ಜರಡಿಗೆ ವಾಪಸ್ ಇಟ್ಟು, "ಇವು ಸಣ್ಣವು ಅಲ್ವಾ" ಅಂದಳು. ಸಣ್ಣವೇ, ಅಂದೆ. ತಿನ್ನುತ್ತಾಳೋ ಇಲ್ಲವೋ ಅಂತ ನನಗೆ ಅನುಮಾನವೇ ಇತ್ತು. ಅದಕ್ಕೆ ಅವಳಿಗೆ ಅಂತ ಒಂದು ಬಟ್ಟಲು ಬೇಳೆ ತೊವ್ವೆ ಮೊದಲೇ ಮಾಡಿಟ್ಟಿದ್ದೆ.

ಎಲ್ಲರೂ ಕೂತರು. ಅನ್ನ ಆಗಿತ್ತು. ಒಂದು ಒಲೆಯಲ್ಲಿ ಮಸಾಲೆ ಮತ್ತೆ ಬಿಸಿಗೆ ಇಟ್ಟೆ, ಇನ್ನೊಂದರಲ್ಲಿ ಅಗಲ ಬಾಣಲೆ. ಬಾಣಲೆ ಚೆನ್ನಾಗಿ ಕಾದ ಮೇಲೆ ಅರ್ಧ ಲೋಟ ನೀರು, ಅದು ಭುಸ್ ಅನ್ನುತ್ತಿದ್ದ ಹಾಗೆ ಅರ್ಧ ಪಾಲು ಮರುವಾಯಿ, ಮುಚ್ಚಳ. ಮೂರು ಕಿಲೋ ಒಟ್ಟಿಗೆ ತುಂಬುವುದಿಲ್ಲ. ಗುಡ್ಡೆ ಹಾಕಿದರೆ ಕೆಳಗಿನದು ಬೆಂದು ಮುದುಡುವ ಹೊತ್ತಿಗೆ ಮೇಲಿನದು ಇನ್ನೂ ಮುಚ್ಚಿಕೊಂಡೇ ಇರುತ್ತದೆ. ಎರಡು ಸಲ ಮಾಡಿದರೆ ನಾಲ್ಕು ನಿಮಿಷ ಹೆಚ್ಚಾಗಬಹುದು, ಆಗಲಿ.

ಮುಚ್ಚಳ ಗಾಜಿನದು. ಆ ನಾಲ್ಕು ನಿಮಿಷ ನನಗೆ ಬಹಳ ಪ್ರೀತಿ. ಮೊದಲು ಹಬೆಗೆ ಗಾಜು ಮಂಜಾಗುತ್ತದೆ. ಒಳಗಿಂದ ಟಕ್ ಅಂತ ಒಂದು ಸದ್ದು. ಸ್ವಲ್ಪ ಬಿಟ್ಟು ಇನ್ನೊಂದು. ಆಮೇಲೆ ಟಕ್ ಟಕ್ ಟಕ್, ಚಿಪ್ಪಿಗೆ ಚಿಪ್ಪು ತಾಗಿ, ಮಳೆ ಹಿಡಿದ ಹಾಗೆ. ಕೂತಿದ್ದವರೂ ಒಬ್ಬೊಬ್ಬರಾಗಿ ಎದ್ದು ಬಾಗಿಲ ಹತ್ತಿರ ಬಂದರು. ಮುಚ್ಚಳ ತೆಗೆದೆ. ಹೆಚ್ಚುಕಡಿಮೆ ಎಲ್ಲ ಬಾಯಿ ತೆರೆದಿವೆ, ಒಳಗೆ ಕೆನೆ ಬಣ್ಣದ ಮಾಂಸ, ಅಂಚಿನಲ್ಲಿ ತೆಳು ಕಿತ್ತಳೆ. ಸಮುದ್ರದ ವಾಸನೆ ಮುಖಕ್ಕೆ ಬಂತು. ಒಳ್ಳೆಯ ಮರುವಾಯಿಗೆ ಮೀನಿನ ವಾಸನೆ ಇರುವುದಿಲ್ಲ, ಉಪ್ಪುಗಾಳಿಯ ವಾಸನೆ ಇರುತ್ತದೆ.

ಬಾಣಲೆಯ ತಳದಲ್ಲಿ ನಿಂತಿರುವ ಹಾಲು ಬೆರೆಸಿದಂಥ ನೀರನ್ನು ಎಷ್ಟೋ ಜನ ಚೆಲ್ಲುತ್ತಾರೆ. ದಯವಿಟ್ಟು ಚೆಲ್ಲಬೇಡಿ. ನಾನು ಹಾಕಿದ್ದು ಅರ್ಧ ಲೋಟ, ಈಗ ಅಲ್ಲಿರುವುದು ಒಂದೂವರೆ ಲೋಟ. ಉಳಿದದ್ದು ಮರುವಾಯಿ ತನ್ನೊಳಗೆ ಹಿಡಿದಿಟ್ಟುಕೊಂಡಿದ್ದ ನೀರು. ಈ ಸಾರಿನ ರುಚಿ ಇರುವುದೇ ಅದರಲ್ಲಿ. ಗ್ಲುಟಮೇಟ್, ಗ್ಲೈಸಿನ್, ಸಕ್ಸಿನಿಕ್ ಆಮ್ಲ ಅಂತ ಓದಿದ್ದೇನೆ, ಚಿಪ್ಪಿಗೆ ಆ ಸಿಹಿ ಸಿಹಿಯಾದ ಗಟ್ಟಿ ರುಚಿ ಕೊಡುವುದು ಇವೇ. ನಾಲಿಗೆಗೆ ಹೆಸರು ಬೇಕಿಲ್ಲ, ಒಂದು ಚಮಚ ಬಾಯಿಗೆ ಹಾಕಿದರೆ ಗೊತ್ತಾಗುತ್ತದೆ.

ತೆಳು ಹತ್ತಿ ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ, ಅದರಲ್ಲಿ ಆ ನೀರನ್ನು ಸೋಸಿದೆ. ಬಟ್ಟೆಯ ಮೇಲೆ ಎರಡು ಮೂರು ಕಣ ಮರಳು ಉಳಿಯಿತು. ಇಷ್ಟೆಲ್ಲ ಮಾಡಿದ ಮೇಲೂ ಉಳಿಯುತ್ತದೆ, ಅದಕ್ಕೇ ಈ ಬಟ್ಟೆ. ಸೋಸಿದ್ದನ್ನು ಕುದಿಯುವ ಮಸಾಲೆಗೆ ಸುರಿದೆ. ಆಗ ಉಪ್ಪು ನೋಡಿದೆ. ಇದಕ್ಕೇ ಮಸಾಲೆಗೆ ಉಪ್ಪು ಹಾಕದೆ ಇಟ್ಟಿದ್ದು. ಆ ನೀರು ಎಷ್ಟು ಉಪ್ಪು ತರುತ್ತದೆ ಅಂತ ಮೊದಲೇ ಹೇಳಲು ಬರುವುದಿಲ್ಲ, ಪ್ರತಿ ಸಲವೂ ಬೇರೆ. ಈ ಸಲ ಅರ್ಧ ಚಮಚ ಮಾತ್ರ ಬೇಕಾಯಿತು. ಒಂದೆರಡು ಸಲ ಒಂದು ಕಣವೂ ಬೇಕಾಗಿಲ್ಲ.

ತೆರೆದ ಮರುವಾಯಿಯನ್ನೆಲ್ಲ ಮಸಾಲೆಗೆ ಹಾಕಿ ಸೌಟಿನಲ್ಲಿ ಕೆಳಗಿಂದ ಮೇಲಕ್ಕೆ ಎತ್ತಿ ಎತ್ತಿ ಬೆರೆಸಿದೆ. ತಿರುಗಿಸಿದರೆ ಮಾಂಸ ಚಿಪ್ಪಿನಿಂದ ಕಳಚಿ ತಳ ಸೇರುತ್ತದೆ. ಕುದಿಯಲ್ಲೇ ನಾಲ್ಕು ನಿಮಿಷ, ಗಡಿಯಾರ ನೋಡಿಕೊಂಡು. ಬಾಯಿ ಬಿಟ್ಟಕೂಡಲೇ ಇಳಿಸಿದರೆ ಇನ್ನೂ ಮೆತ್ತಗಿರುತ್ತದೆ ನಿಜ. ಆದರೆ ಬಾಯಿ ತೆರೆದ ಮೇಲೂ ಮೂರರಿಂದ ಐದು ನಿಮಿಷ ಕುದಿಯಬೇಕು, ರೋಗಾಣು ಸಾಯಬೇಕು. ಗೆಳೆಯರಿಗೆ ಬಡಿಸುವಾಗ ಆ ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ. ಅದಕ್ಕಿಂತ ಹೆಚ್ಚೂ ಬಿಡುವುದಿಲ್ಲ. ಎರಡು ಸುತ್ತು ಮುಗಿದ ಮೇಲೂ ಐದಾರು ಬಾಯಿ ಬಿಡಲಿಲ್ಲ. ಅವನ್ನು ಚಾಕುವಿನಿಂದ ಬಿಡಿಸಲು ಹೋಗಲಿಲ್ಲ, ಎತ್ತಿ ಪಕ್ಕಕ್ಕಿಟ್ಟೆ. ಕೊನೆಗೆ ಜಜ್ಜಿದ ಬೆಳ್ಳುಳ್ಳಿ, ತೆಂಗಿನೆಣ್ಣೆಯ ಒಗ್ಗರಣೆ. ಪಾತ್ರೆಯನ್ನೇ ಎತ್ತಿಕೊಂಡು ಹೋಗಿ ನಡುವೆ ಇಟ್ಟೆ.

ಆಮೇಲೆ ಹತ್ತು ನಿಮಿಷ ಮಾತಿಲ್ಲ. ಬರೀ ಚಿಪ್ಪಿನ ಸದ್ದು, ಹೀರುವ ಸದ್ದು. ಕೆಲವರು ಮಾಂಸ ಬಿಡಿಸಿಯೇ ಸಾರು ಮಾಡುತ್ತಾರೆ, ತಿನ್ನಲು ಸುಲಭ ಅಂತ. ನನಗೆ ಚಿಪ್ಪು ಇರಲೇಬೇಕು. ಚಿಪ್ಪು ಪುಟ್ಟ ಬಟ್ಟಲಿನ ಹಾಗೆ ಒಂದು ಗುಟುಕು ಸಾರು ಹಿಡಿದಿರುತ್ತದೆ. ಅದನ್ನು ಮೊದಲು ಹೀರಿ, ಆಮೇಲೆ ಹಲ್ಲಲ್ಲಿ ಮಾಂಸ ಎಳೆದು, ಆಮೇಲೆ ಒಂದು ತುತ್ತು ಅನ್ನ. ಖಾಲಿ ಚಿಪ್ಪನ್ನು ಚಿಮಟದ ಹಾಗೆ ಹಿಡಿದು ಅದರಿಂದಲೇ ಮುಂದಿನದನ್ನು ಕೀಳುವುದು ಒಬ್ಬ ಗೆಳೆಯನ ಕೆಲಸ. ಐದು ನಿಮಿಷದಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಕೈ ಕೆಂಪು, ಮೊಣಕೈವರೆಗೆ ಸಾರು. ಯಾರೂ ಫೋನ್ ಮುಟ್ಟಲಿಲ್ಲ, ಮುಟ್ಟೋಕೆ ಆಗುತ್ತಲೂ ಇರಲಿಲ್ಲ. ಹುಡುಗಿ ತೊವ್ವೆ ಅನ್ನ ಅರ್ಧ ಮುಗಿಸಿ, ಅಮ್ಮನ ತಟ್ಟೆಯಿಂದ ಒಂದನ್ನು ತೆಗೆದುಕೊಂಡಳು. ಗೆರೆ ಎಣಿಸಿದಳು. ತಿಂದಳು. ಇನ್ನೊಂದು ತೆಗೆದುಕೊಂಡಳು.

ನನ್ನ ಹಳೆಯ ಗೆಳತಿ, ಹನ್ನೆರಡು ವರ್ಷದ ಹಿಂದೆ ಅನ್ನದ ಮರೆಗೆ ಚಿಪ್ಪು ಸರಿಸಿದವಳು, ನನ್ನ ಎದುರಿಗೇ ಕೂತಿದ್ದಳು. ಎಲ್ಲರ ಊಟ ಮುಗಿದ ಮೇಲೆ ಪಾತ್ರೆಯನ್ನು ತನ್ನ ಕಡೆ ಎಳೆದುಕೊಂಡಳು. ಉಳಿದಿದ್ದ ಒಂದು ಹಿಡಿ ಅನ್ನವನ್ನು ಅದರಲ್ಲೇ ಹಾಕಿ, ತಳದ ಮಸಾಲೆಯನ್ನೆಲ್ಲ ಬೆರಳಿನಿಂದ ಬಳಿದು ಉಂಡೆ ಮಾಡಿದಳು. ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಬಾಯಿಗೆ ಹಾಕಿಕೊಂಡಳು, ನಿಧಾನವಾಗಿ ಅಗಿದಳು, ನುಂಗಿದಳು. ಆಮೇಲೆ ಪಾತ್ರೆಯನ್ನು ದೀಪದ ಕಡೆ ವಾಲಿಸಿ ತಳವನ್ನು ನನಗೆ ತೋರಿಸಿದಳು. ಸ್ಟೀಲು ಹೊಳೆಯುತ್ತಿತ್ತು.